ಕೆಸರಾಮೆಗೆ ನನ್ನ ಹೆಸರು

ನವೆಂಬರ್ 21, ಶುಕ್ರವಾರ

…ಅದೂ ಸಾಲದೆಂದು ಲಿಫ್ಟ್ ಬೇರೆ ಇಲ್ಲ. ನಾಲ್ಕನೇ ಮಹಡಿಯಿಂದ ಇನ್ನೊಬ್ಬರ ಮನೆ ಸಾಮಾನು ಸಾಗಿಸುವ ಕೆಲಸ. ಫ್ರಿಜ್ಜು, ಬಟ್ಟೆ ಒಗೆಯುವ ಮಶೀನು, ಆಮೇಲೆ ಪಿಯಾನೋ. ಪಿಯಾನೋ ಇದೆಯೆಂದು ಮನೆಯವರು ಮೊದಲೇ ಹೇಳಿರಲಿಲ್ಲ. ಬೆರಳು ಮಡಚಲು ಬರುತ್ತಿಲ್ಲ. ಅದಕ್ಕೇ ಫೋನಿಗೆ ಹೇಳುತ್ತಿದ್ದೇನೆ, ಅದೇ ಬರೆದುಕೊಳ್ಳುತ್ತದೆ. ಯಾರೂ ಓದಬೇಕಾಗಿಲ್ಲ.

ಬೆನ್ನು ಹಾಳಾಗಲಿ. ಹೊಟ್ಟೆ ಉರಿಯುತ್ತಿರುವುದು ಬೇರೆ ಕಾರಣಕ್ಕೆ.

ಇವತ್ತು ಗೇಮ್ ಬಿಡುಗಡೆ. ಚಿಕ್ಕಂದಿನಲ್ಲಿ ನಾನೂ ತಂಗಿ ಚಿನಾತ್ಸುವೂ ಆಡುತ್ತಿದ್ದ ಅದೇ ಜೀವಿ ಹಿಡಿಯುವ ಆಟ. ಹೊಸ ಬಣ್ಣ, ಹೊಸ ಮಶೀನಿಗೆ. ಮೊದಲಿನ ಹಾಗೇ ಎರಡು ಪೆಟ್ಟಿಗೆ — ಒಂದು 'ಉಬ್ಬರ', ಒಂದು 'ಇಳಿತ'. ಕೆಲವು ಜೀವಿ ಇದರಲ್ಲಿ ಮಾತ್ರ, ಕೆಲವು ಅದರಲ್ಲಿ ಮಾತ್ರ. ಎಲ್ಲ ಬೇಕೆಂದರೆ ಇಬ್ಬರು ಬೇಕು, ಅದೇ ಇದರ ಮಜಾ. ನನಗೆ ಇಳಿತ, ತಂಗಿಗೆ ಉಬ್ಬರ ಎಂದು ಬೇಸಿಗೆಯಿಂದ ಲೆಕ್ಕ ಹಾಕಿದ್ದೆ. ಇಲ್ಲಿ ಅಮಾಗಸಾಕಿಯ ಅಂಗಡಿಯ ಮುಂದೆ ಸಾಲಲ್ಲಿ ನಿಂತು ಎರಡೂ ತಂದೆ. ಅವಳದನ್ನು ಊರಿಗೆ, ದ್ವೀಪಕ್ಕೆ ಕಳಿಸಲು ಪಾರ್ಸೆಲ್ ಕಟ್ಟಿದೆ. ಆಮೇಲೆ ಫೋನ್ ಮಾಡಿದೆ.

"ಅಣ್ಣಾ, ಆ ಗೇಮಾ? ಅಯ್ಯೋ, ಆಗ್ಲೇ ಬಂತಲ್ಲ! ಇವಾಸಾ ಮಾಮ ಬುಕ್ ಮಾಡಿಟ್ಟಿದ್ರು. ನಂಗೆ ಉಬ್ಬರ, ಅವ್ರಿಗೆ ಇಳಿತ."

"ಅವರಿಗ್ಯಾಕೆ?"

"ಆಡೋಕೆ. ಮತ್ತ್ಯಾಕೆ? ಸಖತ್ ಆಡ್ತಾರೆ ಕಣೋ. ಮೊದಲನೇ ಗುಹೇಲಿ ಎಡಗಡೆ ಗೋಡೆ ತಳ್ಳಿದ್ರೆ ಬಾಗಿಲು ಇದೆ ಅಂತ ಹೇಳ್ಕೊಟ್ರು."

ಆ ಬಾಗಿಲು. ಅದನ್ನು ನಾನು ತೋರಿಸಬೇಕಿತ್ತು.

ಇವಾಸಾ ಎಂದರೆ ಹೋದ ವಸಂತದಲ್ಲಿ ಅಮ್ಮ ಮದುವೆಯಾದ ಮನುಷ್ಯ. ದ್ವೀಪದ ಫೆರಿಯಲ್ಲಿ ಎಂಜಿನ್ ನೋಡಿಕೊಳ್ಳುತ್ತಾನೆ. ಕೊನೆಯ ದೋಣಿ ಕಟ್ಟಿ ಮನೆಗೆ ಬರುವಾಗ ಏಳು ದಾಟಿರುತ್ತದೆ. ಅದಕ್ಕೇ ನಾನು ಯಾವಾಗಲೂ ಆರಕ್ಕೆ ಫೋನ್ ಮಾಡುವುದು.


ನವೆಂಬರ್ 22

ಆಟ ಶುರು ಮಾಡಿದೆ. ಮೊದಲ ದೃಶ್ಯವೇ ಆಟದ ಹುಡುಗನ ಮನೆ. ಅದೇ ಮೆಟ್ಟಿಲು, ಅದೇ ಕಿಟಕಿ, ಅಡುಗೆಮನೆಯಲ್ಲಿ ಅದೇ ಅಮ್ಮ. ಗೋಡೆಗೆ ಮಾತ್ರ ಯಾರೋ ಹೊಸ ಬಣ್ಣ ಬಳಿದಿದ್ದಾರೆ. ಚೆನ್ನಾಗಿಯೇ ಇದೆ. ಅದಕ್ಕೇ ಸಿಟ್ಟು.

ಇವಾಸಾಗೆ ನಲವತ್ತರ ಮೇಲೆ. ಮೊದಲ ಆಟ ಬಂದಾಗ ಶಾಲೆಗೆ ಹೋಗುತ್ತಿದ್ದಿರಬೇಕು. ಅಂದರೆ ಅದು ಅವನ ಕಾಲದ್ದು. ನನಗೆ ಸಿಕ್ಕಿದ್ದು ದೊಡ್ಡಪ್ಪನ ಮಗ ಆಡಿ ಬಿಟ್ಟದ್ದು, ಗುಂಡಿ ಸವೆದದ್ದು. ಹಾಗೆ ನೋಡಿದರೆ ನನಗಿಂತ ಅವನದೇ ಹಕ್ಕು. ಹಾಗೆ ನೋಡುವುದಿಲ್ಲ.


ನವೆಂಬರ್ 25, ಮಂಗಳವಾರ

ಆರಕ್ಕೆ ಫೋನ್. ಚಿನಾತ್ಸು ಆಟದ ಮಧ್ಯೆಯೇ ಮಾತಾಡಿದಳು. "ಹ್ಞೂಂ… ಹ್ಞೂಂ… ತಡಿ ಅಣ್ಣಾ, ಇದೊಂದು ಸಾಯ್ಲಿ."

ಕೆಸರಾಮೆ ಸಿಕ್ಕಿದೆಯಂತೆ. ಕೆಸರಾಮೆ ಇಳಿತದಲ್ಲಿ ಮಾತ್ರ ಸಿಗುವುದು. ನಾನು ಹಿಡಿದು ಕಳಿಸಬೇಕೆಂದಿದ್ದೆ. ಎರಡು ರಾತ್ರಿ ಜೌಗಿನಲ್ಲಿ ಅಲೆದೆ, ಏಡಿ ಬಿಟ್ಟರೆ ಏನೂ ಸಿಕ್ಕಿರಲಿಲ್ಲ. ಇವಾಸಾ ಹಿಡಿದು ಕೊಟ್ಟನಂತೆ. ಮರಿ.

ಚಿನಾತ್ಸು ನಾಲ್ಕು ವರ್ಷದವಳಿದ್ದಾಗ ನನ್ನ ಕಂಕುಳಲ್ಲಿ ತೂರಿ ಕೂತು ಸ್ಕ್ರೀನ್ ನೋಡುತ್ತಿದ್ದಳು. ಆಗಲೂ ಅವಳಿಗೆ ಅದೊಂದೇ ಜೀವಿ ಬೇಕು. ಅದು ಹಾಗೆಲ್ಲ ಬೆಳೆಯುವುದಿಲ್ಲ. ಬಾಯಿಗೆ ಉಪ್ಪಿನ ಕಲ್ಲು ಕೊಟ್ಟು ಇನ್ನೊಬ್ಬರ ಮಶೀನಿಗೆ ಕಳಿಸಬೇಕು. ದಾಟಿದ ಕೂಡಲೇ ಬಂಡೆಯಾಮೆ ಆಗುತ್ತದೆ. ನಮ್ಮ ಹತ್ತಿರ ಇದ್ದದ್ದು ಒಂದೇ ಮಶೀನು. ಜೋಡಿಸುವ ತಂತಿಯೂ ಇರಲಿಲ್ಲ. ಶಾಲೆಯ ಹುಡುಗರೆಲ್ಲ ಆಗಲೇ ಹೊಸ ಮಶೀನು, ಹೊಸ ಆಟಕ್ಕೆ ಹೋಗಿದ್ದರು.

"ಅಣ್ಣಾ, ಇವತ್ತು ದೊಡ್ಡದಾಗುತ್ತಾ?"

"ಇವತ್ತಲ್ಲ. ಒಂದಿನ ನಾನು ಮಾಡ್ಕೊಡ್ತೀನಿ."

ದಿನಾ ಇದೇ ಮಾತು. ಈಗ ತಂತಿಯೂ ಬೇಡ, ನೆಟ್ ಇದ್ದರೆ ಸಾಕು. ಮತ್ತೆ ಪಕ್ಕದಲ್ಲೇ ಇಳಿತ ಹಿಡಿದುಕೊಂಡ ಆ ಮನುಷ್ಯ ಕೂತಿದ್ದಾನೆ. ಒಂದು ಗುಂಡಿ ಒತ್ತಿದರೆ ಆಯಿತು. ನನಗೇನು ಕೆಲಸ ಅಲ್ಲಿ?

ರಾತ್ರಿಗೆ ಕನ್ವೀನಿಯನ್ಸ್ ಅಂಗಡಿಯ ಅನ್ನದುಂಡೆ. ಒಳಗೆ ಉಪ್ಪು ಪ್ಲಮ್ ಇತ್ತು. ಮೀನಿನದು ಎಂದುಕೊಂಡು ತಂದಿದ್ದೆ. ದಿನವೇ ಹಾಗಿದೆ.


ನವೆಂಬರ್ 30, ಭಾನುವಾರ. ಮಧ್ಯಾಹ್ನ

ಮಾಡಬಾರದ್ದು ಮಾಡಿದೆ. ಅಥವಾ ಸರಿಯಾಗಿಯೇ ಮಾಡಿದೆ. ಗೊತ್ತಿಲ್ಲ.

ಬೆಳಿಗ್ಗೆ ಚಿನಾತ್ಸುವೇ ಫೋನ್ ಮಾಡಿದಳು. "ಅಣ್ಣಾ, ಗೇಮ್ ಆನ್ ಮಾಡು. ಉಪ್ಪಿನ ಕಲ್ಲು ಸಿಕ್ತು. ಆಮೆ ಕಳಿಸ್ತೀನಿ, ನೀನು ಬೆಳೆಸಿ ವಾಪಸ್ ಕಳ್ಸು."

ಎದೆ ಎಷ್ಟು ಹಗುರಾಯಿತು! ನಾನು ಒಂದು ಏಡಿ ಇಟ್ಟೆ, ಅವಳು ಆಮೆ ಇಟ್ಟಳು. ಬೆಳೆದ ಮೇಲೆ ವಾಪಸ್ ಕಳಿಸಬೇಕೆಂದು ಆಟದಲ್ಲಿ ಎಲ್ಲೂ ಬರೆದಿಲ್ಲ. ಆದರೆ ಎಲ್ಲರಿಗೂ ಗೊತ್ತು. ಇಟ್ಟುಕೊಂಡು ಓಡುವವನನ್ನು ಶಾಲೆಯಲ್ಲಿ ವರ್ಷವಿಡೀ ಯಾರೂ ಮಾತಾಡಿಸುತ್ತಿರಲಿಲ್ಲ.

ನನ್ನ ಸ್ಕ್ರೀನಿನಲ್ಲಿ ಆಮೆ ನಡುಗಿತು, ಬೆಳ್ಳಗಾಯಿತು, ಬೆಳೆಯತೊಡಗಿತು. ಫೋನಿನಲ್ಲಿ ಅವಳು ಕೂಗಿದಳು:

"ಅಪ್ಪಾ! ಬೇಗ ಬನ್ನಿ! ಬೆಳೀತಿದೆ!"

ಅಪ್ಪಾ.

ಭಾನುವಾರ ಅವನಿಗೆ ರಜೆ ಎಂಬುದು ಮರೆತೇ ಹೋಗಿತ್ತು. ನಮ್ಮ ಅಪ್ಪ ಮನೆ ಬಿಟ್ಟು ಫುಕುವೋಕಾಗೆ ಹೋದಾಗ ಅವಳಿನ್ನೂ ತೆವಳುತ್ತಿದ್ದಳು. ಆ ಪದವನ್ನು ಅವಳು ಯಾರಿಗೂ ಬಳಸಿದ್ದು ನಾನು ಕೇಳಿಲ್ಲ.

ಬಂಡೆಯಾಮೆ ನಿಂತಿತ್ತು. ಅದರ ವಿವರದ ಚೀಟಿ ತೆರೆದೆ. ಹಿಡಿದವರು: ಇವಾಸಾ. ಹೆಸರು: ಶುಂಪೇ.

ಅದು ನನ್ನ ಹೆಸರು. ಇಡೀ ಆಟದಲ್ಲಿ ಎಲ್ಲಕ್ಕಿಂತ ನಿಧಾನದ ಪ್ರಾಣಿ. ಕೆಸರಲ್ಲಿ ಬಿದ್ದಿರುವುದು, ಯಾರಾದರೂ ಬಂದರೆ ತಲೆ ಒಳಗೆಳೆದುಕೊಳ್ಳುವುದು. ಆ ಮನುಷ್ಯ ಹಿಡಿದು ಅದಕ್ಕೆ ನನ್ನ ಹೆಸರಿಟ್ಟಿದ್ದಾನೆ. ಇಬ್ಬರೂ ಸೋಫಾ ಮೇಲೆ ಕೂತು ನಕ್ಕಿರಬೇಕು.

"ಅಣ್ಣಾ, ಈಗ ವಾಪಸ್ ಕಳ್ಸು! ಹೇಗಾಗಿದೆ? ದೊಡ್ಡದಾ?"

ಮಶೀನು ಆಫ್ ಮಾಡಿದೆ. ಫೋನೂ.


ಡಿಸೆಂಬರ್ 3, ಬುಧವಾರ

ನೆಟ್ ಸರಿಯಿಲ್ಲ ಎಂದು ಮೆಸೇಜ್ ಹಾಕಿದ್ದೆ. ಅವಳು ಓದಿದ್ದಾಳೆ. ಉತ್ತರವಿಲ್ಲ.

ಹೆಸರು ಬದಲಿಸೋಣ ಎಂದುಕೊಂಡೆ. ಆಟದಲ್ಲಿ ಬಂದರಿನ ಹತ್ತಿರ ಹೆಸರು ಬದಲಿಸುವ ಮುದುಕನೊಬ್ಬ ಕೂತಿರುತ್ತಾನೆ. ಆಮೆಯನ್ನು ನೋಡಿ, "ಒಳ್ಳೆಯ ಹೆಸರು. ಆದರೆ ಹಿಡಿದವರು ಬೇರೆ. ಅವರೇ ಬಂದರೆ ಬದಲಿಸಿಕೊಡುವೆ" ಎಂದ. ಅಂದರೆ ನನ್ನ ಹೆಸರು ತೆಗೆಯಲು ಇವಾಸಾನ ಅಪ್ಪಣೆ ಬೇಕು.

ಜಗಳಕ್ಕೆ ಇಳಿಸಿದೆ. ಬೇರೆಯವರು ಹಿಡಿದದ್ದು ಬೇಗ ಮಾತು ಕೇಳುವುದಿಲ್ಲ.

ಶುಂಪೇ ಮುಖ ತಿರುಗಿಸಿತು.
ಶುಂಪೇ ಕೇಳಿಸದಂತೆ ನಟಿಸಿತು.
ಶುಂಪೇ ನಿದ್ದೆ ಹೋಯಿತು.


ಡಿಸೆಂಬರ್ 4

ಆರಕ್ಕೆ ಫೋನ್ ಮಾಡಿದೆ. ತೆಗೆಯಲಿಲ್ಲ.


ಡಿಸೆಂಬರ್ 9, ಮಂಗಳವಾರ

ಆರಕ್ಕೆ. ತೆಗೆಯಲಿಲ್ಲ. ಆಮೇಲೆ ಅಮ್ಮ ಮಾಡಿದಳು. "ಏನೋ ಮಾಡ್ದೆ ಅವಳಿಗೆ? ಊಟಕ್ಕೂ ಕೆಳಗೆ ಬರ್ತಿಲ್ಲ." ಏನೂ ಇಲ್ಲ ಎಂದೆ. "ಏನೂ ಇಲ್ಲದ್ದಕ್ಕೆ ಆ ಮಶೀನು ಬೀರುವಿನ ಮೇಲೆ ಎಸೆದಿದ್ದಾಳಾ?" ಆಮೇಲೆ, ಹೊಸ ವರ್ಷಕ್ಕೆ ಬರ್ತೀಯಾ ಎಂದು ಕೇಳಿದಳು. ಕೆಲಸ ಇದೆ ಎಂದೆ. ಇಲ್ಲ. ಕಂಪನಿ ಮುಚ್ಚಿರುತ್ತದೆ.

ಇವತ್ತು ಲಾರಿಯಲ್ಲಿ ಗೋದಾ ಕೇಳಿದ. ನಮ್ಮ ತಂಡದ ಹಿರಿಯ, ಓಸಾಕಾದವನು, ಬಾಯಿಗೆ ಬೀಗವಿಲ್ಲ.

"ಏನಯ್ಯಾ, ಮೋರೆ ಹರಳೆಣ್ಣೆ ಕುಡ್ದೋರ ಥರ? ಹುಡುಗಿ ಕೈ ಕೊಟ್ಲಾ?"

"ಇಲ್ಲ. ಒಂದು ಆಮೆ ವಿಷಯ."

"ಆಮೆ ಕೈ ಕೊಡ್ತಾ? ನಿನ್ನ ಹಣೆಬರಹವೇ!" ಎಂದು ಸ್ಟಿಯರಿಂಗ್ ಬಡಿದು ನಕ್ಕ. ಎಲ್ಲ ಹೇಳಿದೆ. ಹೆಸರು, ಅಪ್ಪಾ ಎಂದು ಕೂಗಿದ್ದು, ಆಫ್ ಮಾಡಿದ್ದು. ನಗು ನಿಂತಿತು.

"ಬೆಳೆಸೋಕೆ ಕೊಟ್ಟಿದ್ದನ್ನ ಇಟ್ಕೊಂಡ್ಯಾ?"

"ಹ್ಞೂಂ."

"ಥೂ. ಲಾರಿ ಇಳಿ." ತಮಾಷೆಗೆ ಹೇಳಿದನೆಂದುಕೊಂಡೆ. ಮುಂದಿನ ಸಿಗ್ನಲ್ಲಿನವರೆಗೂ ನನ್ನ ಕಡೆ ನೋಡಲಿಲ್ಲ.


ಡಿಸೆಂಬರ್ 13, ಶನಿವಾರ

ಗೊತ್ತಿಲ್ಲದ ನಂಬರ್. ಗ್ರಾಹಕರೆಂದು ಎತ್ತಿದೆ. ಹಿಂದೆ ಎಂಜಿನ್ ಸದ್ದು.

"ಶುಂಪೇ ಅವ್ರಾ? ನಾನು ಇವಾಸಾ. ಫೆರಿ ಆಫೀಸಿನ ಫೋನಿಂದ ಮಾಡ್ತಿದ್ದೀನಿ. ನನ್ನ ನಂಬರ್ ಆದ್ರೆ ಎತ್ತಲ್ವೇನೋ ಅಂತ."

ಫೋನ್ ಇಡಲು ಹೋದೆ. ಅಷ್ಟರಲ್ಲಿ ಅವನೇ ಮುಂದುವರಿಸಿದ.

"ಆಮೆ ಹೆಸರಿನ ವಿಷಯ. ಬೇಜಾರಾಗಿರ್ಬೇಕು. ಅದು ನಾನಿಟ್ಟಿದ್ದಲ್ಲ. ಅಂದ್ರೆ ಬೆರಳು ನಂದೇ, ಹಿಡಿದೋರೇ ಇಡ್ಬೇಕಲ್ಲ. ಪಕ್ಕದಲ್ಲಿ ಕೂತು ಒಂದೊಂದೇ ಅಕ್ಷರ ಹೇಳಿದ್ದು ಚಿನಾತ್ಸು. ಎಲ್ಲಾ ಜಗಳಕ್ಕೂ ಅದನ್ನೇ ಮುಂದೆ ಬಿಡ್ತಿದ್ಲು. ಸೋತ್ರೂ ಅದೇ."

"…ನೀವೇ ಬೆಳೆಸಬಹುದಿತ್ತಲ್ಲ. ಪಕ್ಕದಲ್ಲೇ ಇದ್ರಿ."

"ಕೇಳ್ದೆ. ಕೊಡಮ್ಮ, ಒಂದ್ನಿಮಿಷದ ಕೆಲ್ಸ ಅಂದೆ. ಬೇಡ, ಅದು ಅಣ್ಣನ ಕೆಲ್ಸ ಅಂತ ಮಶೀನು ಬೆನ್ನ ಹಿಂದೆ ಬಚ್ಚಿಟ್ಕೊಂಡ್ಲು." ಯಾರಿಗೋ ಬಂದೆ ಬಂದೆ ಎಂದು ಕೂಗಿ ಮತ್ತೆ ಫೋನಿಗೆ ಬಂದ. "ನಿಜ ಹೇಳ್ಲಾ? ಹೊಟ್ಟೆ ಉರೀತು ನಂಗೆ. ನಾಲ್ಕು ಸಂಜೆ ಆ ಜೌಗಲ್ಲಿ ಅಲೆದು ಹಿಡಿದೋನು ನಾನು. ಹೆಸರು ನಿಮ್ದು, ಬೆಳೆಸೋ ಕೆಲ್ಸಾನೂ ನಿಮ್ದು."

ನಗು ಬಂತು. ಅವನಿಗೆ ಕೇಳಿಸಬಾರದೆಂದು ಫೋನ್ ದೂರ ಹಿಡಿದೆ. ಕೇಳಿಸಿರಬೇಕು.

"ಸರಿ, ದೋಣಿ ಬಿಡೋ ಹೊತ್ತಾಯ್ತು" ಎಂದು ಇಟ್ಟ. ವಾಪಸ್ ಕಳಿಸಿ ಎಂದು ಒಂದು ಸಲವೂ ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು. ಸಿಟ್ಟು ಮಾಡಬಹುದಿತ್ತು.


ಡಿಸೆಂಬರ್ 15, ಸೋಮವಾರ

ಆರಕ್ಕೆ ಫೋನ್. ತೆಗೆದಳು.

"ಏನು?"

"ಸಿಟ್ಟಾ?"

"ಶುಂಪೇ ಹೇಗಿದ್ದಾನೆ?"

"ಚೆನ್ನಾಗಿದ್ದೀನಿ. ಬೆನ್ನು ಸ್ವಲ್ಪ—"

"ನೀನಲ್ಲ. ಆಮೆ."

"ಅವನೂ ಚೆನ್ನಾಗಿದ್ದಾನೆ. ನನ್ನ ಮಾತು ಕೇಳಲ್ಲ."

"ಕೇಳ್ಬಾರ್ದು. ಕಳ್ಳನ ಮಾತು ಯಾಕೆ ಕೇಳ್ಬೇಕು?" ಆಮೇಲೆ ಮೂಗು ಎಳೆದುಕೊಂಡ ಸದ್ದು. "ನೀನು ಹಾಗೆ ಮಾಡ್ತೀಯ ಅಂದ್ಕೊಂಡಿರ್ಲಿಲ್ಲ ಅಣ್ಣಾ. ಬೇರೆ ಯಾರಾದ್ರೂ ಆದ್ರೆ ಸರಿ."

ಹೊಟ್ಟೆಕಿಚ್ಚು ಎಂದು ಹದಿಮೂರು ವರ್ಷದವಳಿಗೆ ಹೇಗೆ ಹೇಳುವುದು? ಹೇಳಿದೆ. ಅವನನ್ನು ಅಪ್ಪಾ ಎಂದದ್ದು ಕೇಳಿ ಹೊಟ್ಟೆ ಉರಿಯಿತು ಎಂದೆ.

"ನಂಗೇ ಗೊತ್ತಾಗ್ಲಿಲ್ಲ" ಎಂದಳು. "ಬಾಯಿಂದ ಬಂದ್ಬಿಡ್ತು. ಅವ್ರೂ ಗಾಬರಿ ಆದ್ರು."

ಮಶೀನು ಕೈಯಲ್ಲೇ ಇತ್ತು. "ಆನ್ ಮಾಡು. ಈಗಲೇ ಕಳಿಸ್ತೀನಿ."

"ಈಗ ಬೇಡ."

"ಯಾಕೆ?"

"ಅವ್ರು ದೋಣೀಲಿದ್ದಾರೆ. ಅವ್ರೂ ನೋಡ್ಬೇಕು. ಚಿಕ್ಕೋರಿದ್ದಾಗ ಅವ್ರ ಹತ್ರಾನೂ ತಂತಿ ಇರ್ಲಿಲ್ವಂತೆ. ಬಂಡೆಯಾಮೇನ ಇಲ್ಲೀವರೆಗೂ ನೋಡೇ ಇಲ್ವಂತೆ."

ಅಷ್ಟು ದೊಡ್ಡ ಮನುಷ್ಯ. ನೋಡೇ ಇಲ್ಲವಂತೆ. ನಾನು ಎರಡು ವಾರದಿಂದ ದಿನಾ ನೋಡುತ್ತಿದ್ದೇನೆ. ಅಷ್ಟರಮಟ್ಟಿಗೆ ನಾನು ಮುಂದಿದ್ದೇನೆ — ಹೌದು, ಈಗಲೂ ಖುಷಿಯಾಯಿತು ಅದಕ್ಕೆ. ಸುಳ್ಳು ಯಾಕೆ?

ಮಶೀನು ಚಾರ್ಜಿಗೆ ಹಾಕಿದ್ದೇನೆ. ಆಮೆಯ ಬಾಯಿಗೆ ಒಂದು ಸೇಬು ಕೊಟ್ಟೆ, ದಾರಿಗೆ. ತಿನ್ನಲಿಲ್ಲ. ಹಿಡಿದುಕೊಂಡು ನಿಂತಿದೆ.

ನಾಳೆ ಸಣ್ಣ ಮನೆ, ನೆಲಮಹಡಿ, ಬೇಗ ಮುಗಿಯುತ್ತದೆ. ಆದರೂ ಆರಕ್ಕೆ ಮಾಡುವುದಿಲ್ಲ. ದೋಣಿ ಕಟ್ಟಿ, ಮನೆಗೆ ಬಂದು, ಕೈಯ ಗ್ರೀಸು ತೊಳೆದುಕೊಂಡು ಕೂರಲು ಬಿಡಬೇಕು. ಏಳೂವರೆಗೆ. ಚಿನಾತ್ಸುಗೆ ಹೇಳಿದ್ದೇನೆ, ಅವರಿಗೂ ಹೇಳು, ನಾಳೆ ಏಳೂವರೆಗೆ—