ಬಾವಿಗೆ ಬಂದ ಕಡಲು

ಸೆಪ್ಟೆಂಬರ್ 9

ಲ್ಯಾಬಿನಲ್ಲಿ ನೀರಿನ ಮಾದರಿಯ ಬಾಟಲಿ ತೊಳೆದೆ, ಚೀಟಿ ಅಂಟಿಸಿದೆ, ಕಾಫಿ ಆರಿಹೋಯಿತು. ಮಧ್ಯಾಹ್ನ ಟಿಸಾ ಹೊಳೆಯಾಚೆಯ ಹಳ್ಳಿಗೆ. ನಾಲ್ಕಾರು ಮನೆಗಳ ಬಾವಿನೀರು ಉಪ್ಪಾಗಿದೆ. ಊರ ಬಾಯಲ್ಲೆಲ್ಲ ಒಂದೇ ಹೆಸರು — ಹರ್ಮಿನಾ. ಗಂಡ ಸತ್ತ ಮೇಲೆ ಎಲೆಕೋಸು, ಸೌತೆಕಾಯಿ ಉಪ್ಪುನೀರಲ್ಲಿ ಹಾಕಿ ಸಂತೆಯಲ್ಲಿ ಮಾರುವವಳು. ಪೀಪಾಯಿ ನೀರು ಹಿತ್ತಿಲಿಗೆ ಚೆಲ್ಲುತ್ತಾಳಂತೆ, ಅದೇ ಎಲ್ಲರ ಬಾವಿಗೂ ಇಳಿದಿದೆಯಂತೆ. ದೂರು ಕೊಟ್ಟವನು ಪಕ್ಕದ ಹೊಲದಲ್ಲಿ ಪೇಪ್ರಿಕಾ ಮೆಣಸಿನಕಾಯಿ ಬೆಳೆಯುವ ವೆಂಡೆಲ್.

"ಇದಕ್ಕೂ ಲ್ಯಾಬ್ ಬೇಕಾ ಮೇಡಂ? ನನ್ನ ಕುದುರೆನೇ ಮೂಸಿ ಮುಖ ತಿರುಗಿಸ್ತು."

ಬೇಲಿಯಾಚೆಯಿಂದ ಹರ್ಮಿನಕ್ಕ: "ಕುದುರೆಗೆ ಬುದ್ಧಿ ಇದೆ ಕಣೋ. ನೀನು ಕುಡಿದ ಮೇಲೆ ತಿಳ್ಕೊಂಡೆ."

ನಕ್ಕೆ. ಆಮೇಲೆ ಅವಳು ಪೀಪಾಯಿಗಳಿರುವ ನೆಲಮಾಳಿಗೆ ತೋರಿಸಿದಳು. ಬಾಗಿಲಿಗೆ ಊರವರು ಬೀಗ ಜಡಿದಿದ್ದಾರೆ. ವರ್ಷದ ದುಡಿಮೆಯೆಲ್ಲ ಒಳಗೆ.

ಸೆಪ್ಟೆಂಬರ್ 12

ಉಪ್ಪೇನೋ ಹೌದು. ಆದರೆ ಬ್ರೋಮೈಡ್! ಅಡುಗೆ ಉಪ್ಪಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಇಲ್ಲಿ ಉಪ್ಪಿಗೆ ಹೋಲಿಸಿದರೆ ಕಡಲ ನೀರಿನ ಪ್ರಮಾಣದಲ್ಲೇ ಇದೆ. ಜೊತೆಗೆ ಅಯೋಡಿನ್ ಕೂಡ. ಯಂತ್ರ ಕೆಟ್ಟಿದೆ ಅಂದುಕೊಂಡೆ. ಮತ್ತೆ ಹಾಕಿದೆ. ಅದೇ ಉತ್ತರ.

ಹಂಗೇರಿಯ ಬಯಲಲ್ಲಿ ಕಡಲೆಲ್ಲಿಂದ ಬರಬೇಕು?

ಹರ್ಮಿನಕ್ಕನ ಸ್ವಂತ ಬಾವಿ ಮಾತ್ರ ಬೇರೆ. ಅದು ಶುದ್ಧ ಅಡುಗೆ ಉಪ್ಪು.

ಸೆಪ್ಟೆಂಬರ್ 20

ಆಳದ ನೀರು ಹೇಗಿದೆ ನೋಡೋಣವೆಂದು ಹೋದೆ: ಹಳ್ಳಿಯಾಚೆ, ಎಣ್ಣೆ ಹುಡುಕಲು ಕೊರೆದು ಬಿಟ್ಟ ಹಳೆಯ ಕೊಳವೆಬಾವಿ. ಬಹಳ ಆಳ. ಕವಾಟ ತಿರುಗಿಸಿದ್ದೇ ತಡ, ನೀರು ಪಂಪಿಲ್ಲದೆ ತಾನಾಗಿ ಎದ್ದು ಬಂತು. ಹೊಗೆಯಾಡುವಷ್ಟು ಬಿಸಿ, ಗುಳ್ಳೆ, ಪಾಚಿಯ ವಾಸನೆ. ನಾಲ್ಕು ಹೆಜ್ಜೆ ಹಿಂದೆ ಸರಿದೆ, ಆಮೇಲೆ ಬಾಟಲಿ ತುಂಬಿಕೊಂಡೆ.

ಸೆಪ್ಟೆಂಬರ್ 26

ಕೊಳವೆಬಾವಿಯ ನೀರು, ಊರ ಬಾವಿಗಳ ನೀರು, ಎರಡೂ ಒಂದೇ ವಂಶ. ಬಾವಿಗಳಲ್ಲಿರುವುದು ಮಳೆನೀರಿಗೆ ಬೆರೆತ ಅದೇ ಆಳದ ನೀರು.

ಕೋಟಿ ವರ್ಷಕ್ಕೂ ಹಿಂದೆ ಇಲ್ಲಿ ಕಡಲಿತ್ತು, ಓದಿದ್ದೆ. ಹೊರಗಿನ ಸಾಗರದ ದಾರಿ ಮುಚ್ಚಿ ಸರೋವರವಾಯಿತು, ನದಿಗಳು ಕೆಸರು ತಂದು ತುಂಬಿದವು. ಆದರೆ ಕಡಲು ಪೂರ್ತಿ ಹೋಗಲೇ ಇಲ್ಲ! ಕೆಸರಿನ ಕಣಕಣಗಳ ನಡುವೆ ಸಿಕ್ಕಿಕೊಂಡಿತು. ಅದರ ಮೆಗ್ನೀಷಿಯಂ ಕಲ್ಲಿಗೆ ಹೋಯಿತು. ಸಲ್ಫೇಟನ್ನು ಬೆಳಕು ಕಾಣದ ಸೂಕ್ಷ್ಮಜೀವಿಗಳು ತಿಂದವು. ಎಲ್ಲ ಬದಲಾಯಿತು, ಬ್ರೋಮೈಡ್ ಮಾತ್ರ ಬದಲಾಗಲಿಲ್ಲ. ಮೇಲಿನ ಮಣ್ಣಿನ ಭಾರ ಹಿಂಡುತ್ತಲೇ ಇದೆ. ನೆಲದ ಬಿರುಕು ಹಿಡಿದು ಹತ್ತುತ್ತಲೇ ಇದೆ ಆ ನೀರು.

ಊಟ ಮರೆತೆ. ಕಿಟಕಿಯಲ್ಲಿ ಜೋಳದ ಹೊಲ, ಟ್ರ್ಯಾಕ್ಟರು. ಕೆಳಗೆ ಕಡಲು...

ಅಕ್ಟೋಬರ್ 4, ಸಂಜೆ

ಹೆಂಡದಂಗಡಿಯಲ್ಲಿ ಊರು ಸೇರಿತ್ತು. ಹೇಳಿದೆ.

ವೆಂಡೆಲ್ ಲೋಟ ಇಟ್ಟ. "ನನ್ನ ಹೊಲದ ಕೆಳಗೆ ಕಡಲಾ? ಹಂಗಾದ್ರೆ ನಮ್ಮಜ್ಜನ ಕಾಲದಲ್ಲಿ ಬಾವಿ ಯಾಕೆ ಸಿಹಿ ಇತ್ತು?"

"ಮೇಲಿನ ಸಿಹಿನೀರು ಅದನ್ನ ಅದುಮಿ ಹಿಡಿದಿತ್ತು. ಆ ನೀರನ್ನ ನಾವು ಎಳೆದೂ ಎಳೆದೂ ತೆಳ್ಳಗೆ ಮಾಡಿದೀವಿ."

"ಯಾರು ಎಳೆದದ್ದು?"

ಊರಲ್ಲಿ ದೊಡ್ಡ ಪಂಪು ಯಾರದೆಂದು ಎಲ್ಲರಿಗೂ ಗೊತ್ತು. ಅವನ ಕಿವಿ ಅವನ ಪೇಪ್ರಿಕಾದಷ್ಟೇ ಕೆಂಪಾಯಿತು.

"ಹರ್ಮಿನಕ್ಕಾ, ನಿಮ್ಮ ಬಾವಿಯದು ಮಾತ್ರ ನಿಮ್ಮದೇ ಉಪ್ಪು," ಎಂದೆ.

"ಅದು ನಂಗೊತ್ತು ತಾಯಿ. ನನ್ನ ಬಾವಿ, ನನ್ನ ಕರ್ಮ. ಬೇರೆಯವರ ಬಾವಿದು ಹೇಳ್ಬೇಕಿತ್ತು, ನೀನು ಹೇಳ್ದೆ." ಆಮೇಲೆ ಎದ್ದು ನಿಂತು, "ಬೀಗದ ಕೈ ಯಾರತ್ರ ಇದೆ?"

ಅಕ್ಟೋಬರ್ 6

ಬೀಗ ನಿನ್ನೆಯೇ ತೆಗೆದರಂತೆ. ಮೇಲಿನ ಪೀಪಾಯಿಗಳೆರಡು ಬೂಸ್ಟು ಹಿಡಿದಿವೆ, ಉಳಿದವು ಚೆನ್ನಾಗಿವೆ. ವೆಂಡೆಲ್ ಪಂಪು ದಿನ ಬಿಟ್ಟು ದಿನ ಹಾಕುತ್ತಾನಂತೆ. ನೋಡೋಣ.

ಇವತ್ತು ಇಬ್ಬರೂ ಹಳೆಯ ಕೊಳವೆಬಾವಿ ನೋಡಬೇಕೆಂದರು. ನನ್ನ ಕಾರಿನಲ್ಲಿ ಅವನು ಮುಂದೆ, ಅವಳು ಹಿಂದೆ, ಮಾತಿಲ್ಲ. ನೀರು ಕಾಲುವೆಯಲ್ಲಿ ಹರಿದು, ಬಿಸಿ ಆರಿ ಬೆಚ್ಚಗಾಗುವ ಕಡೆ ನಿಂತೆವು.

"ಇದನ್ನ ಇಲ್ಲೀವರೆಗೆ ಯಾರೂ ಮುಟ್ಟಿಲ್ವಾ?" ವೆಂಡೆಲ್ ಕೇಳಿದ.

"ಇದು ಕೆಳಗೆ ಹೋದಾಗ ಮುಟ್ಟೋಕೆ ಮನುಷ್ಯರೇ ಇರಲಿಲ್ಲ."

ಅವನು ಟೋಪಿ ತೆಗೆದ. ಇಗರ್ಜಿಯಲ್ಲೂ ತೆಗೆಯಲು ಗೊಣಗುವವನು. "ಹರ್ಮಿನಾ, ನಾನು ನಿನ್ನ ಮೇಲೆ—"

"ಬಾಯ್ಮುಚ್ಚು," ಎಂದಳು ಮೆಲ್ಲಗೆ. ಅವನ ಮಣಿಕಟ್ಟು ಹಿಡಿದು ನೀರಿಗಿಳಿಸಿದಳು. "ಮೊದಲು ಮುಟ್ಟು."

ನಾನೂ ಮಂಡಿಯೂರಿ ಕೈ ಇಳಿಸಿದೆ. ಇಷ್ಟು ದಿನ ಬಾಟಲಿಯಲ್ಲಿ ಅಳೆದದ್ದೇ, ಕೈಯಲ್ಲಿ ಮುಟ್ಟಿರಲಿಲ್ಲ. ಮೂವರ ಬೆರಳ ನಡುವೆ ಬೆಚ್ಚಗೆ ಹರಿಯುತ್ತಿತ್ತು, ಕೋಟಿ ವರ್ಷಗಳ ನಂತರ ಮೊದಲ ಬಾರಿ ಬಿಸಿಲು ಕಾಣುತ್ತ, ಮತ್ತು ನನಗೆ ಕೈ ತೆಗೆಯಲು ಮನಸ್ಸಾಗಲಿಲ್ಲ.