ಅವರು ಓದಿದ ಪುಸ್ತಕಗಳ ಪಟ್ಟಿ

ಜೂನ್ 12, ಗುರುವಾರ

ಪ್ರೀತಿಯ ಗುಬ್ಬಿ,

ಹೇಗಿದ್ದೀಯ? ನಿನ್ನ ಎರಡು ಕಾಗದಕ್ಕೂ ಉತ್ತರ ಬರೆದಿಲ್ಲ, ಬೈದುಕೋ. ಬಿಡುವಿರಲಿಲ್ಲ ಎಂದರೆ ಸುಳ್ಳು. ಬರೆಯಲು ಕೂತರೆ ಈ ವಿಷಯವನ್ನೇ ಬರೆಯಬೇಕಾಗುತ್ತದೆ ಎಂದು ಹಿಂದೇಟು ಹಾಕಿದೆ. ಒಮ್ಮೆ ಇಂಗ್ಲಿಷಿನಲ್ಲಿ ಶುರು ಮಾಡಿ ಹರಿದು ಹಾಕಿದೆ. ಆ ಭಾಷೆಯಲ್ಲಿ ನ್ಯಾಯವೆಲ್ಲ ನನ್ನ ಕಡೆಗೇ ಇದ್ದಂತೆ ಕೇಳಿಸುತ್ತದೆ.

ಈ ಸೋಮವಾರ ಗ್ರಂಥಾಲಯದ ಬಾಗಿಲು ತೆಗೆಯುತ್ತಲೇ ಒಬ್ಬರು ಬಂದು ಕೌಂಟರಿನ ಮೇಲೆ ಸದಸ್ಯತ್ವದ ಕಾರ್ಡ್ ಇಟ್ಟರು. ಹೆಂಡತಿಯದು. ಆಕೆ ನನಗೆ ಗೊತ್ತು. ಪ್ರತಿ ಬುಧವಾರ ಬಂದು, ಕಿಟಕಿಗೆ ಬೆನ್ನು ಮಾಡಿ ಕೂತು ಓದುವವರು.

"ಇವಳು ಈ ವರ್ಷ ಏನೇನು ಓದಿದಾಳೆ, ಒಂದು ಪಟ್ಟಿ ಕೊಡಿ."

"ಅವರಿಗೆ ಬಿಟ್ಟರೆ ಇನ್ಯಾರಿಗೂ ಕೊಡಲ್ಲ ಸರ್."

"ನಾನು ಗಂಡ ಕಣ್ರೀ!"

"ಇರಬಹುದು. ಕಾರ್ಡಿನಲ್ಲಿರೋ ಹೆಸರು ನಿಮ್ಮದಲ್ಲವಲ್ಲ."

ಕಾರ್ಡನ್ನು ಎರಡು ಬೆರಳಲ್ಲಿ ಬಗ್ಗಿಸುತ್ತ ನನ್ನನ್ನೇ ನೋಡಿದರು. ಮುರಿಯಲಿಲ್ಲ. ಜೇಬಿಗೆ ಹಾಕಿಕೊಂಡು ಹೋದರು.

ನಮ್ಮ ಗ್ರಂಥಾಲಯದಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವ ತಾತ, "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ. ಮಧ್ಯೆ ನೀವ್ಯಾಕಮ್ಮ ತಲೆ ಹಾಕ್ತೀರಿ?" ಅಂದ.

"ತಲೆ ಹಾಕಬಾರದು ಅಂತಲೇ ಕೊಡಲಿಲ್ಲ ತಾತ."

ಅವನು ನಕ್ಕ. ನನಗೆ ನಗು ಬರಲಿಲ್ಲ.

ಮಧ್ಯಾಹ್ನ ಗ್ರಂಥಾಲಯ ಸಮಿತಿಯ ಅಧ್ಯಕ್ಷರ ಫೋನ್. ಅವರೂ ಈ ಗಂಡನೂ ಸಹಪಾಠಿಗಳಂತೆ. "ಬರೀ ಪುಸ್ತಕದ ಹೆಸರು ಕಣಮ್ಮ, ಲಾಕರಿನ ಬೀಗದ ಕೈ ಕೇಳಿದ ಹಾಗೆ ಆಡ್ತೀಯಲ್ಲ! ಶುಕ್ರವಾರದೊಳಗೆ ಪಟ್ಟಿ ಕೊಡು, ಇಲ್ಲ ರಾಜೀನಾಮೆ ಬರೆದಿಡು."

ಇಂದು ಬೆಳಿಗ್ಗೆ ಎರಡೇ ಸಾಲು ಬರೆದು ಕಳಿಸಿದೆ: ಓದುಗರ ದಾಖಲೆಯನ್ನು ಅವರ ಒಪ್ಪಿಗೆಯಿಲ್ಲದೆ ಕೊಡುವುದಿಲ್ಲ, ನನ್ನನ್ನು ತೆಗೆಯುವುದಾದರೆ ಕಾರಣವನ್ನು ಹೀಗೇ ಬರೆಯಿರಿ. ಮನೆಯವರು "ಹುಲಿ ಕಣೇ ನೀನು" ಅಂದರು. ಮಗಳು ಗೆಳತಿಯರಿಗೆಲ್ಲ ಹೇಳಿಕೊಂಡು ಬಂದಳು. ನಾನು ತಟ್ಟೆಯ ಮುಂದೆ ತಲೆ ತಗ್ಗಿಸಿ ಕೂತಿದ್ದೆ.

ನಿನ್ನೆ ಬುಧವಾರ. ಆಕೆ ಬರಲಿಲ್ಲ. ಹೋದ ಬುಧವಾರವೂ ಬಂದಿರಲಿಲ್ಲ. ಮನೆಗೇ ಹೋಗಿ ಬಾಗಿಲು ತಟ್ಟಲೇ? ಹೋದರೆ ಅದರ ಬಿಸಿ ಆಕೆಗೇ ತಾಗೀತು. ಹೋಗದಿದ್ದರೆ ನನ್ನ ನಿಯಮಗಳನ್ನು ಕಟ್ಟಿಕೊಂಡು ಆಕೆಗೇನಾಗಬೇಕು? ನೀನೂ ಇದೇ ಕಸುಬಿನವಳು. ನನ್ನ ಜಾಗದಲ್ಲಿದ್ದರೆ ಏನು ಮಾಡುತ್ತಿದ್ದೆ, ಮುಲಾಜಿಲ್ಲದೆ ಬರೆ.

ನಿನ್ನ ಮಗನ ಮುರಿದ ಕಾಲು ಬೇಗ ಕೂಡಲಿ, ಅವನಿಗೆ ನನ್ನ ಆಶೀರ್ವಾದ. ನಿನಗೆ ನನ್ನೊಡನೆ ಜಗಳವಾಡುವ ಶಕ್ತಿ ನೂರು ಕಾಲ ಇರಲಿ.

ನಿನ್ನ,
ಕ್ಯಾಟಲಾಗು

ಮರೆತದ್ದಲ್ಲ, ಬಚ್ಚಿಟ್ಟದ್ದು: ಆತನಿಗೆ ಅನುಮಾನ ಹುಟ್ಟಿಸಿದ್ದು ನಾನೇ. ಓದುಗರು ಚೀಟಿ ಬರೆದು ಕೇಳಿದ ಪುಸ್ತಕ ಬಂದರೆ ಫೋನ್ ಮಾಡಿ ತಿಳಿಸುವುದು ನಮ್ಮ ಪದ್ಧತಿ. ಹತ್ತು ದಿನದ ಹಿಂದೆ ಆಕೆಯ ಮನೆಗೆ ಮಾಡಿದೆ. ಗಂಡಸಿನ ದನಿ, "ಯಾವ ಪುಸ್ತಕ ಮೇಡಂ?" ಅಂತು. ಇಷ್ಟು ಬೇಗ ತರಿಸಿಕೊಟ್ಟೆನಲ್ಲ ಎಂಬ ಹೆಮ್ಮೆ ನನಗೆ. ಬಿಡಿಸಿ ಬಿಡಿಸಿ ಹೇಳಿದೆ, ವಿಚ್ಛೇದನ ಪಡೆಯುವ ಹೆಂಗಸರಿಗೆ ಕಾನೂನಿನ ಕೈಪಿಡಿ ಎಂದು. ಆತ ಬಹಳ ಮರ್ಯಾದೆಯಿಂದ ಥ್ಯಾಂಕ್ಸ್ ಹೇಳಿ ಫೋನ್ ಇಟ್ಟರು. ಆಮೇಲೆ ಚೀಟಿ ತಿರುಗಿಸಿದೆ. ಹಿಂದುಗಡೆ ಪೆನ್ಸಿಲಿನಲ್ಲಿ ಆಕೆ ಬರೆದಿದ್ದರು: ದಯವಿಟ್ಟು ಮನೆಗೆ ಫೋನ್ ಮಾಡಬೇಡಿ, ನಾನೇ ಬಂದು ಕೇಳುತ್ತೇನೆ.