ಏರಿನಲ್ಲಿ ಒಂದು ಗೇಣು

ಮನೆಯ ಹಿಂದಿನ ಕೋಣೆ,
ಭಾನುವಾರ, ತಾರೀಖು ಹದಿನಾಲ್ಕು

ಪ್ರೀತಿಯ ಪುಟ್ಟೀ,

ಹೇಗಿದ್ದೀಯಮ್ಮ? ಹೆಗಲು ಈಗ ಹೇಗಿದೆ? ಮೇಲಿನ ಕಪಾಟಿನಿಂದ ಏನಾದರೂ ತೆಗೆಯುವಾಗ ಇನ್ನೂ ಚುಳುಕ್ ಎನ್ನುತ್ತದೆಯೇ, ಇಲ್ಲ ಚಳಿಗೆ ಮಾತ್ರವೇ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ ಎಂದು ಕೇಳಲು ನಿಮ್ಮಮ್ಮ ಹೇಳಿದ್ದಾಳೆ, ಕೇಳಿದ್ದೇನೆ. ಲ್ಯಾಬಿನಲ್ಲಿ ದಿನವಿಡೀ ನಿಂತೇ ಕೆಲಸ ಎಂದು ಬೇರೆ ಹೇಳಿದ್ದೆ; ಒಂದು ಎತ್ತರದ ಸ್ಟೂಲನ್ನಾದರೂ ಕೇಳಿ ಹಾಕಿಸಿಕೋ. ನಾವಿಬ್ಬರೂ ಚೆನ್ನಾಗಿದ್ದೇವೆ. ನಿಮ್ಮಮ್ಮನ ಹೊಲಿಗೆ ಯಂತ್ರ ಎಂದಿನಂತೆ ಮುಂದಿನ ಕೋಣೆಯಲ್ಲಿ ಗಡಗಡ ಎನ್ನುತ್ತಿದೆ, ನನ್ನ ಕನ್ನಡಕದ ಅಂಗಡಿಗೆ ಇವತ್ತು ರಜೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನಬೇಡ. ಫೋನಿನಲ್ಲಿ ಸೈಕಲ್ಲಿನ ಮಾತು ತೆಗೆದರೆ ಸಾಕು, ‘ಆಮೇಲೆ ಮಾತಾಡ್ತೀನಪ್ಪಾ’ ಎಂದು ಇಟ್ಟುಬಿಡುತ್ತೀಯ. ಕಾಗದವನ್ನು ಹಾಗೆ ಇಟ್ಟುಬಿಟ್ಟರೂ ಅದು ಮೇಜಿನ ಮೇಲೆ ಕೂತೇ ಇರುತ್ತದೆ. ರಾತ್ರಿ ಊಟವಾಗುವುದರೊಳಗೆ ನೀನು ಓದಿಯೇ ಓದುತ್ತೀಯ, ಕುತೂಹಲದಲ್ಲಿ ನೀನು ನನ್ನ ಮಗಳೇ ತಾನೆ.

ವಿಷಯ ಏನೆಂದರೆ, ನಾನು ಸೈಕಲ್ ಕ್ಲಬ್ಬಿಗೆ ಸೇರಿದ್ದೇನೆ. ನಿನ್ನ ಕ್ಲಬ್ಬಿಗೇ, ನಿನ್ನ ಸೈಕಲ್ಲಿನಲ್ಲೇ. ಸಿಟ್ಟು ಮಾಡಿಕೊಳ್ಳದೆ ಪೂರ್ತಿ ಕೇಳು. ನೀನು ವರ್ಗ ಮಾಡಿಸಿಕೊಂಡು ಹೋದ ಮೇಲೆ ಅದು ಮೆಟ್ಟಿಲ ಕೆಳಗೆ ಹಳೆಯ ಬೆಡ್‌ಶೀಟ್ ಹೊದ್ದುಕೊಂಡು ನಿಂತಿತ್ತು. ಚಕ್ರಗಳಲ್ಲಿ ಗಾಳಿ ಇಳಿದು ಹೋಗಿತ್ತು. ಹೀಗೇ ಬಿಟ್ಟರೆ ಟೈರು ಬಿರುಕು ಬಿಡುತ್ತದೆ ಎಂದು ಗಾಳಿ ಹಾಕಿದೆ. ಹಾಕಿದ ಮೇಲೆ ಒಂದು ಸುತ್ತು ಹೋಗಿ ನೋಡದೆ ಇರುವುದು ಹೇಗೆ? ನೀನು ನಿಮ್ಮಮ್ಮನ ಕಡೆಯ ಎತ್ತರ, ನಾನು ಗಿಡ್ಡ, ಸೀಟು ಇಳಿಸಬೇಕಾಯಿತು. ಸೀಟಿನ ಕಂಬದ ಮೇಲೆ ನೀನು ಉಗುರುಬಣ್ಣದಲ್ಲಿ ಎಳೆದಿದ್ದ ಕೆಂಪು ಗೆರೆ ಕೊಳವೆಯೊಳಗೆ ಅಡಗಿಕೊಂಡಿತು, ಅಳಿಸಿಲ್ಲ. ನಿಮ್ಮಮ್ಮ ಬಾಗಿಲಲ್ಲಿ ನಿಂತು, ಈ ವಯಸ್ಸಿನಲ್ಲಿ ಸೊಂಟ ಮುರಿದುಕೊಂಡರೆ ತಾನು ಸೇವೆ ಮಾಡುವವಳಲ್ಲ ಎಂದು ಸಾರಿದಳು. ಮರುದಿನ ನೋಡಿದರೆ ನನ್ನ ಹಳೆಯ ಪ್ಯಾಂಟಿನ ಹಿಂಬದಿಗೆ ಎರಡು ಪದರ ಸ್ಪಂಜು ಇಟ್ಟು ಹೊಲಿದಿದ್ದಳು. ಅದನ್ನು ಹಾಕಿಕೊಂಡು ನಡೆದರೆ ಬಾತುಕೋಳಿಯ ಹಾಗೆ ಕಾಣುತ್ತೇನಂತೆ, ಆದರೂ ಕೂರಲು ಸುಖವಾಗಿದೆ.

ನಿಮ್ಮ ಕ್ಯಾಪ್ಟನ್, ಅದೇ ಹಲ್ಲಿನ ಡಾಕ್ಟರು, ನನ್ನನ್ನು ಕಂಡು ಮೊದಲು ದಾರಿ ತಪ್ಪಿ ಬಂದಿದ್ದೇನೆಂದುಕೊಂಡರು. ಕನ್ನಡಕ ಮಾರುವವನೆಂದು ಈಗ ಎಲ್ಲರಿಗೂ ನಾನು ಚಾಳೀಸು. ಅಷ್ಟೂ ಜನರಲ್ಲಿ ನಿಧಾನದವನು ನಾನೇ, ಆದರೆ ಹೆಚ್ಚು ಪ್ರಶ್ನೆ ಕೇಳುವವನೂ ನಾನೇ. ಮುಂದೆ ಇರುವವನು ಕೈ ಕೆಳಗೆ ಮಾಡಿ ಬೆರಳು ತೋರಿಸಿದರೆ ಗುಂಡಿ ಎಂದು ಹಿಂದಿನವರಿಗೆಲ್ಲ ಸುದ್ದಿ ಹೋಗುವುದು, ಮುಂದಿನವರ ಚಕ್ರಕ್ಕೆ ಅಂಟಿಕೊಂಡು ಹೋದರೆ ಗಾಳಿಯೇ ತಾಗದಿರುವುದು, ದಣಿದವರು ಹಿಂದಕ್ಕೆ ಬಂದು ಇನ್ನೊಬ್ಬರು ಮುಂದೆ ಹೋಗಿ ಗಾಳಿ ಕಡಿಯುವುದು, ಇದೆಲ್ಲ ನಿನಗೆ ನೀರು ಕುಡಿದಷ್ಟು ಸಲೀಸು. ನನಗೆ ಮಾತ್ರ ಪ್ರತಿ ಭಾನುವಾರವೂ ಬೆರಗು. ಇಷ್ಟು ವರ್ಷ ಅಂಗಡಿಯಲ್ಲಿ ಜನರ ಮುಖ, ಮೂಗು, ಕಿವಿ ನೋಡಿದವನು ಈಗ ಬೆನ್ನುಗಳನ್ನು ನೋಡುತ್ತಿದ್ದೇನೆ. ಬ್ಯಾಂಕಿನ ಕ್ಯಾಷಿಯರಮ್ಮನ ಬೆನ್ನು ಸುಸ್ತಾದಾಗ ಎಡಕ್ಕೆ ವಾಲುತ್ತದೆ, ಡಾಕ್ಟರ ಬೆನ್ನು ಮಾತಾಡುವಾಗಲೂ ಅಲುಗುವುದಿಲ್ಲ. ಮತ್ತೆ ನಿನ್ನ ಗೆಳತಿ ಹಕ್ಕಿಯ ಬೆನ್ನು. ಹೆಸರು ನೋಡಿದ ಕೂಡಲೇ ಕಾಗದ ಮಡಿಸಬೇಡ.

ಪಂದ್ಯದ ದಿನ ನೀರಿನ ಟ್ಯಾಂಕಿನ ಏರಿನಲ್ಲಿ ಬಿದ್ದ ಮೇಲೆ ನೀನು ಆಸ್ಪತ್ರೆಯ ಮಂಚದ ಮೇಲೆ ಹೇಳಿದ್ದು ನನಗೆ ಅಕ್ಷರಶಃ ನೆನಪಿದೆ. ‘ಏರಿನಲ್ಲಿ ಸುಮ್ಮಸುಮ್ಮನೆ ಬ್ರೇಕ್ ಹಿಡಿದ್ಲಪ್ಪಾ. ಅವಳ ಚಕ್ರ ನನ್ನ ಚಕ್ರಕ್ಕೆ ಬಂದು ತಾಗ್ತು. ಗೆಲ್ಲೋಕೆ ಹಾಗೆ ಮಾಡಿದ್ಲು.’ ಹಕ್ಕಿ ಬ್ರೇಕ್ ಮುಟ್ಟಿಲ್ಲವೆಂದು ಅತ್ತಳು. ಒಂದೇ ಬಾಟಲಿಯಲ್ಲಿ ನೀರು ಕುಡಿದು ಬೆಳೆದ ನಿಮ್ಮಿಬ್ಬರಲ್ಲಿ ಒಬ್ಬಳು ಸುಳ್ಳು ಹೇಳುತ್ತಿದ್ದಾಳೆ ಎಂದು ನಾವೆಲ್ಲ ಅಂದುಕೊಂಡೆವು. ನನ್ನ ಮಗಳು ಸುಳ್ಳು ಹೇಳುವವಳಲ್ಲ, ಹಾಗಾಗಿ ಇನ್ನು ಉಳಿದವಳು ಯಾರು ಎಂದು ನಾನೂ ಲೆಕ್ಕ ಹಾಕಿ ಸುಮ್ಮನಾದೆ. ನೀನು ಸೈಕಲ್ಲು ಬಿಟ್ಟೆ, ಅವಳನ್ನೂ ಬಿಟ್ಟೆ, ಕೊನೆಗೆ ಊರನ್ನೂ ಬಿಟ್ಟೆ.

ಈಗ ಕೇಳು, ಅಸಲು ಕಥೆ ಇಲ್ಲಿದೆ. ಕಳೆದ ತಿಂಗಳು ಅದೇ ನೀರಿನ ಟ್ಯಾಂಕಿನ ಏರಿನಲ್ಲಿ, ಉಸಿರು ಬಾಯಿಗೆ ಬಂದಿದ್ದಾಗ, ಕೂತು ತುಳಿಯಲಾರದೆ ನಾನು ಸೀಟಿನಿಂದ ಎದ್ದು ನಿಂತೆ. ಹಿಂದಿದ್ದ ಕ್ಯಾಷಿಯರಮ್ಮ ಕಿರುಚಿಕೊಂಡು ಪಕ್ಕಕ್ಕೆ ಸರಿದರು. ಮೇಲೆ ಹೋಗಿ ನಿಂತ ಮೇಲೆ, ‘ಏನ್ ಚಾಳೀಸು, ಏರಲ್ಲಿ ಯಾರಾದ್ರೂ ಬ್ರೇಕ್ ಹಿಡೀತಾರಾ?’ ಎಂದು ದಬಾಯಿಸಿದರು. ನಾನು ಬ್ರೇಕಿನ ಹತ್ತಿರಕ್ಕೂ ಕೈ ಒಯ್ದಿರಲಿಲ್ಲ. ಹಾಗೆಂದು ಆಣೆ ಮಾಡಿದರೂ ಅವರು ನಂಬಲಿಲ್ಲ. ಅವರು ಸುಳ್ಳು ಹೇಳುವ ಹೆಂಗಸಲ್ಲ, ನಾನೂ ಸುಳ್ಳು ಹೇಳಿಲ್ಲ. ಮನೆಗೆ ಬರುವಷ್ಟರಲ್ಲಿ ತಲೆಯೊಳಗೆ ಹುಳ ಹೊಕ್ಕಿತ್ತು. ಸ್ನಾನ ಮಾಡುವಾಗಲೂ ಅದೇ, ಊಟಕ್ಕೆ ಕೂತಾಗಲೂ ಅದೇ. ಸೋಮವಾರ ಒಬ್ಬರಿಗೆ ದೂರದ ಕನ್ನಡಕದ ಬದಲು ಓದುವ ಕನ್ನಡಕ ಕೊಟ್ಟು ಕಳಿಸಿದೆ. ಅವರು ಮೆಟ್ಟಿಲು ಇಳಿಯುವಾಗ ಗೊತ್ತಾಗಿ, ಪುಣ್ಯಕ್ಕೆ, ಬೈದುಕೊಂಡೇ ವಾಪಸು ಬಂದರು.

ನಿಮ್ಮಮ್ಮನಿಗೆ ಹೇಳಿದೆ. ಅವಳು ಸೂಜಿಗೆ ದಾರ ಪೋಣಿಸುತ್ತ, ಅಳತೆ ತೆಗೆಯದೆ ಬಟ್ಟೆ ಕತ್ತರಿಸಿದರೆ ಹೀಗೇ ಆಗುವುದು, ನಾಳೆ ಬೆಳಿಗ್ಗೆ ಹೋಗಿ ನೋಡೋಣ ಎಂದಳು. ಹೋದೆವು. ನಾನು ಸೈಕಲ್ಲಿನಲ್ಲಿ, ಅವಳು ಸ್ಕೂಟರಿನಲ್ಲಿ ನನ್ನ ಹಿಂದೆ, ನನ್ನದೇ ವೇಗದಲ್ಲಿ. ನನ್ನ ಮೇಲೆ ಅವಳಿಗೆ ಅಷ್ಟೇನೂ ನಂಬಿಕೆಯಿಲ್ಲ, ಅದು ನಿನಗೂ ಗೊತ್ತು. ಬ್ರೇಕ್ ಅದುಮಲು ಆಗದಂತೆ ಹಿಡಿಯ ಸಂದಿಗೆ ಬಟ್ಟೆಯ ಚೂರು ತುರುಕಿ ದಾರದಿಂದ ಬಿಗಿದಿದ್ದಳು. ಏರಿನ ಮಧ್ಯೆ ಎದ್ದು ನಿಂತೆ. ಹಿಂದಿನಿಂದ, ‘ಅಯ್ಯೋ, ಹಿಂದಕ್ಕೆ ಬಂದ್ರಲ್ಲ’ ಎಂದಳು. ಕೂತು, ಮತ್ತೆ ಎದ್ದೆ. ಮತ್ತೆ ಬಂದಿತಂತೆ. ಎಷ್ಟು ಎಂದು ಕೇಳಿದರೆ ಹೆಬ್ಬೆರಳು ಕಿರುಬೆರಳು ಅಗಲಿಸಿ ಒಂದು ಗೇಣು ತೋರಿಸಿದಳು. ಆಮೇಲೆ ಅದಲುಬದಲು ಮಾಡಿದೆವು, ಅಂದರೆ ನಾನು ಅವಳ ಸ್ಕೂಟರಿನಲ್ಲಿ, ನಿಮ್ಮಮ್ಮ ಸೈಕಲ್ಲಿನಲ್ಲಿ. ಹೌದು, ನಿಮ್ಮಮ್ಮನೇ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಏನು ತುಳಿದಳು ಅಂತೀಯ! ಅವಳು ಎದ್ದಾಗ ನಾನೂ ಕಣ್ಣಾರೆ ಕಂಡೆ. ಎದ್ದು ನಿಲ್ಲುವ ಆ ಕ್ಷಣ ಕಾಲು ತುಳಿಯುವುದನ್ನು ಮರೆಯುತ್ತದೆ, ಮೈ ಮುಂದಕ್ಕೆ ಹೋಗುತ್ತದೆ, ಅಡಿಯಲ್ಲಿರುವ ಸೈಕಲ್ಲು ಹಿಂದಕ್ಕೆ ಬರುತ್ತದೆ. ಸವಾರರಿಗೆ ಅದು ಗೊತ್ತೇ ಆಗುವುದಿಲ್ಲ. ಹಿಂದಿರುವವರಿಗೆ ಬ್ರೇಕ್ ಹಿಡಿದ ಹಾಗೇ ಕಾಣುತ್ತದೆ. ಖುಷಿಯಲ್ಲಿ ಬಟ್ಟೆಯ ಚೂರು ಬಿಚ್ಚುವುದನ್ನು ಮರೆತು ನಾನು ಮತ್ತೆ ಸೈಕಲ್ಲು ಹತ್ತಿ ಇಳಿಜಾರಿಗೆ ಬಿಟ್ಟುಬಿಟ್ಟೆ. ಚಪ್ಪಲಿ ಉಜ್ಜಿ ನಿಲ್ಲಿಸಬೇಕಾಯಿತು. ಹೊಸ ಚಪ್ಪಲಿ ತೆಗೆದುಕೊಂಡಿದ್ದೇನೆ.

ಡಾಕ್ಟರಿಗೆ ಹೇಳಿದರೆ ಅವರು ನಕ್ಕು, ಹಳಬರಿಗೆಲ್ಲ ಇದು ಗೊತ್ತಿರುವುದೇ, ಏಳುವ ಮೊದಲು ಒಂದು ತುಳಿತ ಜೋರಾಗಿ ತುಳಿದು ಏಳಬೇಕು, ಹಿಂದಿರುವವರು ಅಷ್ಟು ಅಂಟಿಕೊಂಡಿರಬಾರದು ಎಂದರು. ಹಾಗಾದರೆ ನನ್ನ ಮಗಳಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ನೀನು ಬ್ಯಾಂಡೇಜು ಬಿಚ್ಚಿದ ವಾರವೇ ಹೊರಟುಹೋಗಿದ್ದೆ, ಹಕ್ಕಿಗೆ ಮಾತ್ರ ಹೇಳಿದರಂತೆ. ಹಕ್ಕಿಯನ್ನೂ ಕೇಳಿದೆ. ಟೀ ಅಂಗಡಿಯ ಬೆಂಚಿನ ಮೇಲೆ ಕೂತು, ಹೆಲ್ಮೆಟ್ಟಿನ ಪಟ್ಟಿ ಎಳೆಯುತ್ತ ಹೇಳಿದಳು: ‘ಬ್ರೇಕ್ ಮುಟ್ಟಿಲ್ಲ ಅಂತ ಅವತ್ತೇ ಹೇಳ್ದೆ ಅಂಕಲ್. ಅವಳು ಬಿದ್ದಿದ್ದು ನಾನು ಎದ್ದಿದ್ದಕ್ಕೆ ಅಂತ ಆಮೇಲೆ ಗೊತ್ತಾಯ್ತು. ಅದನ್ನ ಹೇಳೋಣ ಅಂದ್ರೆ ಅವಳು ಫೋನೇ ಎತ್ತಲಿಲ್ಲ.’ ನನಗೆ ಅಳು ಬಂತು ಪುಟ್ಟೀ, ಕನ್ನಡಕ ಒರೆಸುವ ನೆಪ ಮಾಡಿದೆ. ನೀನೂ ಕಂಡದ್ದನ್ನೇ ಹೇಳಿದ್ದೀಯ, ಅವಳೂ ಮಾಡಿದ್ದನ್ನೇ ಹೇಳಿದ್ದಾಳೆ. ಇಷ್ಟು ದಿನ ನಿಮ್ಮಿಬ್ಬರ ನಡುವೆ ಇದ್ದದ್ದು ಒಂದು ಗೇಣು ಅಷ್ಟೆ.

ಕ್ಲಬ್ಬಿನ ವರ್ಷದ ಪಂದ್ಯ ಮುಂದಿನ ತಿಂಗಳ ಮೊದಲ ಭಾನುವಾರ. ಈ ಸಲ ನಾನೂ ಇದ್ದೇನೆ. ನಿಧಾನದವರನ್ನು ಮೊದಲು ಬಿಟ್ಟು ಚುರುಕಿನವರನ್ನು ಕೊನೆಗೆ ಬಿಡುವ ಪಂದ್ಯವಾದ್ದರಿಂದ ಎಲ್ಲರಿಗಿಂತ ಮುಂಚೆ ಹೊರಡುವವನು ನಾನೇ. ನಿಮ್ಮಮ್ಮ ಇದನ್ನು ಗೌರವ ಎಂದುಕೊಂಡು ಪಕ್ಕದ ಮನೆಯವರಿಗೆಲ್ಲ ಹೇಳಿಬಂದಿದ್ದಾಳೆ, ನಾನು ತಿದ್ದಲು ಹೋಗಿಲ್ಲ. ಕೊನೆಗೆ ಹೊರಡುತ್ತಿದ್ದ ಜೋಡಿ ನೀವಿಬ್ಬರು. ಕಳೆದ ವರ್ಷ ಹಕ್ಕಿ ಒಬ್ಬಳೇ ಹೊರಟು, ಗಾಳಿಯನ್ನೆಲ್ಲ ಒಬ್ಬಳೇ ಕಡಿದು, ಯಾರನ್ನೂ ಹಿಡಿಯಲಾರದೆ ಬಂದಳಂತೆ.

ಹೆಗಲನ್ನು ಚೆನ್ನಾಗಿ ನೋಡಿಕೋ. ಡಾಕ್ಟರು, ಕ್ಯಾಷಿಯರಮ್ಮ ಎಲ್ಲರೂ ನಿನ್ನನ್ನು ಕೇಳಿದರು. ನಿಮ್ಮಮ್ಮನ ಮುತ್ತು ಈ ಕಾಗದದ ಮೂಲೆಯಲ್ಲಿದೆ, ಮೆಷಿನ್ನಿನ ಎಣ್ಣೆಯ ಬೆರಳ ಗುರುತೂ ಅವಳದೇ. ಹಿಡಿದ ಕೆಲಸವೆಲ್ಲ ಕೈಗೂಡಲಿ, ಕಂದಾ.

ಇತಿ ನಿನ್ನ,
ಅಪ್ಪ (ಕ್ಲಬ್ಬಿನಲ್ಲಿ ಚಾಳೀಸು)

ತಾ.ಕ.: ಮರೆತಿದ್ದೆ ಎಂದು ಬರೆಯೋಣವೆಂದಿದ್ದೆ, ಮರೆತಿರಲಿಲ್ಲ, ಧೈರ್ಯ ಬಂದಿರಲಿಲ್ಲ. ನಿನ್ನ ಸೈಕಲ್ಲನ್ನು ಈಗ ನಾನು ಓಡಿಸುತ್ತಿಲ್ಲ, ಡಾಕ್ಟರ ಹಳೆಯದನ್ನು ತೆಗೆದುಕೊಂಡೆ. ನಿನ್ನದರ ಸೀಟನ್ನು ಉಗುರುಬಣ್ಣದ ಗೆರೆ ಕಾಣುವವರೆಗೆ ಮತ್ತೆ ಏರಿಸಿಟ್ಟಿದ್ದೇನೆ. ನಿನ್ನೆ ಹಕ್ಕಿ ಬಂದಿದ್ದಳು, ನಾನು ಕರೆದಿರಲಿಲ್ಲ. ಮೆಟ್ಟಿಲ ಕೆಳಗೆ ಕೂತು ಚೈನಿಗೆ ಎಣ್ಣೆ ಬಿಟ್ಟು, ಈ ಸಲವೂ ನನ್ನ ಜೊತೆಗೆ ಬೇರೆ ಯಾರನ್ನೂ ಹಾಕಬೇಡಿ ಎಂದು ಡಾಕ್ಟರಿಗೆ ಹೇಳಿದ್ದೇನೆ ಎಂದಳು. ಹೆಗಲು ಒಪ್ಪಿದರೆ ಮಾತ್ರ ತುಳಿ, ಒಪ್ಪದಿದ್ದರೆ ಸುಮ್ಮನೆ ಬಂದು ಅವಳ ಪಕ್ಕ ನಿಂತುಕೋ. ನಾನಂತೂ ಎಲ್ಲರಿಗಿಂತ ಮೊದಲು ಹೊರಟುಬಿಡುತ್ತೇನೆ; ಹಿಂದಿನಿಂದ ನೀವಿಬ್ಬರೂ ಬರುತ್ತಿದ್ದೀರೋ ಇಲ್ಲವೋ ಎಂದು ದಾರಿಯುದ್ದಕ್ಕೂ ತಿರುಗಿ ತಿರುಗಿ ನೋಡುತ್ತಿರುತ್ತೇನೆ.